ಸ್ವಂತ ವ್ಯಾಪಾರ: ಅಂಗಡಿ ತೆರೆದವರಿಂದ ನಾವು ಕಲಿಯಬಹುದಾದ ಪಾಠಗಳು

'ಚೆನ್ನಾಗಿ ಓದು, ಒಳ್ಳೆಯ ಕೆಲಸ ಹಿಡಿ.' ನಮ್ಮಲ್ಲಿ ಬಹಳಷ್ಟು ಜನ ಬೆಳೆದದ್ದು ಈ ಮಾತನ್ನು ಕೇಳಿಕೊಂಡೇ. 'ವ್ಯಾಪಾರಂ ದ್ರೋಹಚಿಂತನಂ' ಎಂಬ ಗಾದೆಯನ್ನೂ ಹಿರಿಯರು ಆಗಾಗ ಹೇಳುತ್ತಿದ್ದರು. ತಿಂಗಳಿಗೊಮ್ಮೆ ಸಂಬಳ, ವರ್ಷಕ್ಕೊಮ್ಮೆ ಬಡ್ತಿ, ಕೊನೆಗೆ ಪಿಂಚಣಿ, ಇದೇ ನೆಮ್ಮದಿಯ ಬದುಕು ಎಂದು ನಂಬಿದ್ದ ಮನೆಗಳಿಂದ ಬಂದವರು ನಾವು. ಆದರೆ ಈಗ ನೆಲೆಸಿರುವ ಊರು ಬೇರೆಯೇ ಬಗೆಯದು. ಸ್ಯಾನ್ ಹೊಸೆಯ ಸುತ್ತಮುತ್ತ ಯಾವ ಬೀದಿಯಲ್ಲಿ ನಡೆದರೂ ಯಾರೋ ಒಬ್ಬರು ಕೆಲಸ ಬಿಟ್ಟು ಕಂಪನಿ ಆರಂಭಿಸಿದ ಸುದ್ದಿ ಕಿವಿಗೆ ಬೀಳುತ್ತದೆ. ಮನೆಯ ಊಟದ ಮೇಜಿನ ಮೇಲೂ ಅದೇ ಮಾತು. ಮಕ್ಕಳು ಕೇಳುತ್ತಾರೆ: 'ಅಪ್ಪಾ, ನಾವೂ ಒಂದು ಕಂಪನಿ ಶುರು ಮಾಡಬಹುದಾ?'

ಈ ಪ್ರಶ್ನೆಗೆ ಹೌದು ಎಂದು ಹೇಳುವುದೂ ಸುಲಭ, ಬೇಡ ಎಂದು ಹೇಳುವುದೂ ಸುಲಭ. ಎರಡಕ್ಕೂ ಮೊದಲು ವ್ಯಾಪಾರ ಎಂದರೇನು, ಅದು ಹೇಗೆ ನಿಲ್ಲುತ್ತದೆ, ಹೇಗೆ ಬೀಳುತ್ತದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಲೆಕ್ಕದ ಪ್ರಕಾರ, ಇಲ್ಲಿ ಹೊಸದಾಗಿ ಆರಂಭವಾಗುವ ವ್ಯಾಪಾರಗಳಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ಮೊದಲ ವರ್ಷದಲ್ಲೇ ಮುಚ್ಚುತ್ತದೆ. ಐದು ವರ್ಷ ಕಳೆಯುವ ಹೊತ್ತಿಗೆ ಅರ್ಧದಷ್ಟು ಮಾತ್ರ ಉಳಿದಿರುತ್ತವೆ. ಹಾಗಾದರೆ ಉಳಿದವರು ಏನು ಮಾಡಿದರು? ನಮ್ಮ ಈ ಕಣಿವೆಯ ಮತ್ತು ನಮ್ಮ ಕರ್ನಾಟಕದ ಕೆಲವು ನಿಜವಾದ ಉದಾಹರಣೆಗಳನ್ನು ನೋಡೋಣ.

ಪಾಠ 1: ಚಿಕ್ಕದಾಗಿ ಆರಂಭಿಸಿ, ಆದರೆ ಬೆಲೆಯ ಲೆಕ್ಕ ಸರಿಯಾಗಿರಲಿ

ಪಾಲೊ ಆಲ್ಟೊದ ಅಡಿಸನ್ ಅವೆನ್ಯೂದಲ್ಲಿ 367ನೇ ನಂಬರಿನ ಮನೆಯ ಹಿಂದೆ ಒಂದು ಸಣ್ಣ ಗ್ಯಾರೇಜ್ ಇದೆ. ಸ್ಟ್ಯಾನ್‌ಫರ್ಡಿನಲ್ಲಿ ಓದಿದ ಬಿಲ್ ಹ್ಯೂಲೆಟ್ ಮತ್ತು ಡೇವಿಡ್ ಪ್ಯಾಕರ್ಡ್ ಎಂಬ ಇಬ್ಬರು ಗೆಳೆಯರು 538 ಡಾಲರ್ ಬಂಡವಾಳದೊಂದಿಗೆ ಅಲ್ಲಿ ಕೆಲಸ ಆರಂಭಿಸಿ, 1939ರ ಜನವರಿ 1ರಂದು ಪಾಲುದಾರಿಕೆಯನ್ನು ಅಧಿಕೃತಗೊಳಿಸಿದರು. ಯಾರ ಹೆಸರು ಮೊದಲು ಬರಬೇಕು ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿದರು. ಇಂದು ಆ ಗ್ಯಾರೇಜಿನ ಮುಂದೆ 'ಸಿಲಿಕಾನ್ ಕಣಿವೆಯ ಜನ್ಮಸ್ಥಳ' ಎಂಬ ಫಲಕವಿದೆ.

ಎಲ್ಲರಿಗೂ ಗೊತ್ತಿರುವ ಕಥೆ ಇಷ್ಟೇ. ಗೊತ್ತಿಲ್ಲದ ಭಾಗದಲ್ಲೇ ಪಾಠವಿದೆ. ಅವರು ಮೊದಲು ತಯಾರಿಸಿದ್ದು ಶಬ್ದದ ಉಪಕರಣಗಳನ್ನು ಪರೀಕ್ಷಿಸುವ ಆಸಿಲೇಟರ್. ಅದಕ್ಕೆ 54 ಡಾಲರ್ 40 ಸೆಂಟ್ ಎಂದು ಬೆಲೆ ಇಟ್ಟರು. ಆ ಅಂಕಿ ಅಮೆರಿಕದ ಚರಿತ್ರೆಯ ಒಂದು ಹಳೆಯ ಘೋಷಣೆಯನ್ನು ನೆನಪಿಸುತ್ತಿತ್ತು, ಅದಕ್ಕೇ ಆಯ್ಕೆ ಮಾಡಿದ್ದು. ಆಮೇಲೆ ನೋಡಿದರೆ ಆ ಬೆಲೆಗೆ ಅದನ್ನು ತಯಾರಿಸಲು ಸಾಧ್ಯವೇ ಇರಲಿಲ್ಲ! ಪುಣ್ಯಕ್ಕೆ ಪೈಪೋಟಿಯ ಕಂಪನಿಯ ಉಪಕರಣ ಸುಮಾರು 400 ಡಾಲರಿನದು. ಆದ್ದರಿಂದ ಬೆಲೆ ಏರಿಸಲು ಅವಕಾಶವಿತ್ತು. ಮುಂದಿನ ಮಾದರಿಯನ್ನು 71 ಡಾಲರ್ 50 ಸೆಂಟಿಗೆ ಮಾರಿದರು. 'ಫ್ಯಾಂಟೇಸಿಯಾ' ಚಿತ್ರದ ಧ್ವನಿ ವ್ಯವಸ್ಥೆಗಾಗಿ ಡಿಸ್ನಿ ಸಂಸ್ಥೆ ಅಂಥ ಎಂಟನ್ನು ಕೊಂಡಿತು.

ಬುದ್ಧಿವಂತ ಎಂಜಿನಿಯರುಗಳೂ ಬೆಲೆಯ ವಿಷಯದಲ್ಲಿ ಎಡವುತ್ತಾರೆ. ಕೇಳಲು ಚೆನ್ನಾಗಿರುವ ಬೆಲೆ ಬೇರೆ, ಖರ್ಚನ್ನು ತೂಗಿಸುವ ಬೆಲೆ ಬೇರೆ.

ಒಂದು ಲೆಕ್ಕ: ಪಾನಕದ ಅಂಗಡಿ

ಮಕ್ಕಳೇ, ಇದನ್ನು ನೀವೇ ಲೆಕ್ಕ ಹಾಕಿ ನೋಡಬಹುದು. ಬೇಸಿಗೆಯ ಮೇಳದಲ್ಲಿ ನಾಲ್ವರು ಗೆಳೆಯರು ಸೇರಿ ಪಾನಕದ ಅಂಗಡಿ ಇಡುತ್ತೀರಿ ಎಂದಿಟ್ಟುಕೊಳ್ಳೋಣ.

ಮೇಜಿನ ಬಾಡಿಗೆ 30 ಡಾಲರ್, ಹೂಜಿ ಮತ್ತು ಬರಹದ ಹಲಗೆಗೆ 20 ಡಾಲರ್, ಒಟ್ಟು 50 ಡಾಲರ್. ಒಂದು ಲೋಟವೂ ಮಾರದಿದ್ದರೂ ಈ ಹಣ ಹೋದದ್ದೇ. ಇದು ಸ್ಥಿರ ವೆಚ್ಚ. ನಿಂಬೆಹಣ್ಣು, ಬೆಲ್ಲ, ಏಲಕ್ಕಿ, ಕಾಗದದ ಲೋಟ ಎಲ್ಲ ಸೇರಿ ಪ್ರತಿ ಲೋಟಕ್ಕೆ 50 ಸೆಂಟ್. ಹೆಚ್ಚು ಮಾಡಿದಷ್ಟೂ ಇದು ಹೆಚ್ಚುತ್ತದೆ. ಇದು ಬದಲಾಗುವ ವೆಚ್ಚ.

ಒಂದು ಲೋಟಕ್ಕೆ ಒಂದೂವರೆ ಡಾಲರ್ ಬೆಲೆ ಇಟ್ಟರೆ, ಪ್ರತಿ ಲೋಟದಲ್ಲಿ 1 ಡಾಲರ್ ಉಳಿಯುತ್ತದೆ. ಅಂದರೆ 50 ಲೋಟ ಮಾರಿದಾಗ ಸ್ಥಿರ ವೆಚ್ಚ ತೀರಿ, ಲಾಭವೂ ಇಲ್ಲದ ನಷ್ಟವೂ ಇಲ್ಲದ ಜಾಗಕ್ಕೆ ಬರುತ್ತೀರಿ. ಐವತ್ತೊಂದನೆಯ ಲೋಟದಿಂದ ಲಾಭ ಆರಂಭ. 80 ಲೋಟ ಮಾರಿದರೆ 30 ಡಾಲರ್ ಲಾಭ.

ಆದರೆ ನೀವು 100 ಲೋಟ ತಯಾರಿಸಿ, 80 ಮಾತ್ರ ಮಾರಿದಿರಿ ಅನ್ನಿ. ಉಳಿದ 20 ಲೋಟದ 10 ಡಾಲರ್ ಚರಂಡಿಗೆ ಹೋಯಿತು. ಲಾಭ 20 ಡಾಲರಿಗೆ ಇಳಿಯಿತು. ನಾಲ್ವರೂ ತಲಾ ಐದು ಗಂಟೆ ದುಡಿದಿದ್ದೀರಿ, ಒಟ್ಟು 20 ಗಂಟೆ. ಅಂದರೆ ಗಂಟೆಗೆ ಒಂದೇ ಡಾಲರ್ ಕೂಲಿ! 'ಇಪ್ಪತ್ತು ಡಾಲರ್ ಗಳಿಸಿದೆವು' ಎಂದು ಸಂತೋಷಪಡುವಾಗ ಈ ಕೊನೆಯ ಸಾಲನ್ನು ದೊಡ್ಡವರೂ ಮರೆಯುತ್ತಾರೆ. ತನ್ನ ದುಡಿಮೆಗೆ ಬೆಲೆ ಕಟ್ಟದೆ ಲಾಭ ಬರುತ್ತಿದೆ ಎಂದುಕೊಂಡ ವ್ಯಾಪಾರಿ, ವರ್ಷಗಟ್ಟಲೆ ಪುಕ್ಕಟೆ ದುಡಿದಿರುತ್ತಾನೆ.

ಪಾಠ 2: ನಂಬಿಕೆಯೂ ಒಂದು ಬಂಡವಾಳ

ನಮ್ಮ ಸ್ಯಾನ್ ಹೊಸೆಯಲ್ಲೇ 1870ರಲ್ಲಿ ಹುಟ್ಟಿದವರು ಅಮಡೆಯೊ ಪೀಟರ್ ಜನ್ನೀನಿ. ಇಟಲಿಯಿಂದ ವಲಸೆ ಬಂದ ದಂಪತಿಯ ಮಗ. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು, ಮಲತಂದೆಯ ಜೊತೆ ಹಣ್ಣು ತರಕಾರಿಗಳ ಸಗಟು ವ್ಯಾಪಾರದಲ್ಲಿ ಪಳಗಿದರು. ಆ ಕಾಲದ ದೊಡ್ಡ ಬ್ಯಾಂಕುಗಳು ಶ್ರೀಮಂತರನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತಿದ್ದವು. ಮೀನು ಮಾರುವವರು, ರೈತರು, ಸಣ್ಣ ಅಂಗಡಿಯವರು, ಇಂಗ್ಲಿಷ್ ಬಾರದ ವಲಸಿಗರು ಸಾಲ ಕೇಳಿದರೆ ಬಾಗಿಲು ಮುಚ್ಚಿರುತ್ತಿತ್ತು. ಇಂಥವರಿಗಾಗಿಯೇ ಜನ್ನೀನಿ 1904ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 'ಬ್ಯಾಂಕ್ ಆಫ್ ಇಟಲಿ' ತೆರೆದರು.

1906ರ ಏಪ್ರಿಲ್ 18ರಂದು ಭೀಕರ ಭೂಕಂಪ, ಅದರ ಹಿಂದೆಯೇ ಬೆಂಕಿ. ಊರು ಉರಿಯುತ್ತಿದ್ದಾಗ ಜನ್ನೀನಿ ಬ್ಯಾಂಕಿನ ಹಣವನ್ನು ಗಾಡಿಯಲ್ಲಿ ಹಾಕಿ, ಮೇಲೆ ಹಣ್ಣಿನ ಪೆಟ್ಟಿಗೆಗಳನ್ನು ಪೇರಿಸಿ, ಸ್ಯಾನ್ ಮಟೆಯೋದ ತಮ್ಮ ಮನೆಗೆ ಸಾಗಿಸಿದರು. ಉಳಿದ ಬ್ಯಾಂಕುಗಳ ತಿಜೋರಿಗಳು ಬೆಂಕಿಯಿಂದ ಕಾದು, ಹಲವು ದಿನ ತೆರೆಯುವಂತೆಯೇ ಇರಲಿಲ್ಲ. ಜನ್ನೀನಿ ಮಾತ್ರ ಎರಡು ಪೀಪಾಯಿಗಳ ಮೇಲೆ ಒಂದು ಹಲಗೆ ಇಟ್ಟು, ಅದನ್ನೇ ಬ್ಯಾಂಕಿನ ಮೇಜು ಮಾಡಿಕೊಂಡು, ಮನೆ ಕಟ್ಟಿಕೊಳ್ಳಲು ಜನರಿಗೆ ಸಾಲ ಕೊಟ್ಟರು. ಎಷ್ಟೋ ಸಾಲಗಳಿಗೆ ಕೈಕುಲುಕಿದ್ದೇ ಆಧಾರ. ಕಷ್ಟಕಾಲದಲ್ಲಿ ನಂಬಿದವರನ್ನು ಜನ ಮರೆಯಲಿಲ್ಲ. 1909ರಲ್ಲಿ ಬ್ಯಾಂಕು ಸ್ಯಾನ್ ಹೊಸೆಯಲ್ಲಿ ಶಾಖೆ ತೆರೆಯಿತು. 1930ರಲ್ಲಿ 'ಬ್ಯಾಂಕ್ ಆಫ್ ಅಮೆರಿಕ' ಎಂದು ಹೆಸರಾಯಿತು. ಊರಿನ ಪೇಟೆಯ ನಡುವೆ ಇಂದಿಗೂ ನಿಂತಿರುವ ಹಳೆಯ ಬ್ಯಾಂಕ್ ಆಫ್ ಇಟಲಿ ಕಟ್ಟಡವನ್ನು ಮುಂದಿನ ಸಲ ಆ ಕಡೆ ಹೋದಾಗ ಮಕ್ಕಳಿಗೆ ತೋರಿಸಿ.

ಜನ್ನೀನಿ ಕಣ್ಣುಮುಚ್ಚಿ ಹಣ ಹಂಚಲಿಲ್ಲ ಎಂಬುದನ್ನೂ ಗಮನಿಸಬೇಕು. ತರಕಾರಿ ವ್ಯಾಪಾರದ ದಿನಗಳಿಂದ ಅವರಿಗೆ ಆ ಜನರ ಪರಿಚಯವಿತ್ತು. ಯಾರು ದುಡಿಯುವವರು, ಯಾರು ಮಾತಿಗೆ ತಪ್ಪದವರು ಎಂದು ತಿಳಿದಿತ್ತು. ಗಿರಾಕಿಯನ್ನು ಹತ್ತಿರದಿಂದ ಅರಿತವನಿಗೆ ಮಾತ್ರ ನಂಬುವ ಧೈರ್ಯ ಬರುತ್ತದೆ.

ಪಾಠ 3: ಒಂದು ಬಾಗಿಲು ಮುಚ್ಚಿದಾಗ ಕೈಯಲ್ಲಿ ಏನಿದೆ ನೋಡಿ

ನಮ್ಮ ಇಂಡಿಯನ್ ಅಂಗಡಿಗಳ ಕಪಾಟಿನಲ್ಲಿ ಎಂಟಿಆರ್ ಪೊಟ್ಟಣ ಇಲ್ಲದ ದಿನವಿಲ್ಲ. ರವೆ ಇಡ್ಲಿ, ಗುಲಾಬ್ ಜಾಮೂನು, ಬಿಸಿಬೇಳೆ ಭಾತು, ಎಲ್ಲವೂ ಸಿಗುತ್ತವೆ. ಹೋಟೆಲೊಂದರ ಹೆಸರು ಪೊಟ್ಟಣದ ಮೇಲೆ ಬಂದದ್ದು ಹೇಗೆ ಗೊತ್ತೇ?

ಕೋಟದ ಹತ್ತಿರದ ಪಾರಂಪಳ್ಳಿಯಿಂದ ಅಡುಗೆ ಕೆಲಸಕ್ಕೆಂದು ಬೆಂಗಳೂರಿಗೆ ಬಂದ ಮಯ್ಯ ಸಹೋದರರು 1924ರಲ್ಲಿ ಒಂದು ಸಣ್ಣ ಹೋಟೆಲು ಆರಂಭಿಸಿದರು. ಅದೇ ಮುಂದೆ ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್ ಆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಮಾದ ಅಕ್ಕಿ ಬರುವುದು ನಿಂತಾಗ ಅಕ್ಕಿಗೆ ತೀವ್ರ ಅಭಾವ ಬಂತು. ಅಕ್ಕಿ ಇಲ್ಲದೆ ಇಡ್ಲಿ ಎಲ್ಲಿಂದ? ಎಂಟಿಆರ್ ಅಡುಗೆಮನೆಯಲ್ಲಿ ರವೆಯಿಂದ ಇಡ್ಲಿ ಮಾಡಿ ನೋಡಿದರು. ಇಂದು ನಾವು ಚಪ್ಪರಿಸಿ ತಿನ್ನುವ ರವೆ ಇಡ್ಲಿ ಹುಟ್ಟಿದ್ದು ಹೀಗೆ, ಕೊರತೆಯಿಂದ.

ಸಹೋದರರಲ್ಲಿ ಒಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಬಂದರು. ಅಲ್ಲಿನ ಹೋಟೆಲುಗಳ ಅಚ್ಚುಕಟ್ಟು, ಶುಚಿತ್ವ ಅವರ ಮನಸ್ಸಿಗೆ ಹಿಡಿಸಿತು. ಬಂದವರೇ ತಮ್ಮಲ್ಲೂ ಪಾತ್ರೆ, ಲೋಟಗಳನ್ನು ಕುದಿಯುವ ಬಿಸಿಯಲ್ಲಿ ಶುದ್ಧ ಮಾಡುವ ಏರ್ಪಾಟು ತಂದರು. ತಿಂಡಿಯ ರುಚಿಯ ಜೊತೆ ಶುಚಿಯೂ ಅವರ ಗುರುತಾಯಿತು.

ದೊಡ್ಡ ಪೆಟ್ಟು ಬಿದ್ದದ್ದು ತುರ್ತು ಪರಿಸ್ಥಿತಿಯ ಕಾಲದಲ್ಲಿ. 1975ರಲ್ಲಿ ಅದು ಜಾರಿಯಾದ ಮೇಲೆ ಹೋಟೆಲ್ ತಿಂಡಿಗಳನ್ನು ತೀರಾ ಕಡಿಮೆ ಬೆಲೆಗೆ ಮಾರಬೇಕೆಂದು ಸರ್ಕಾರದ ಕಟ್ಟುಪಾಡು ಬಂತು. ಆ ಬೆಲೆಗೆ ಒಳ್ಳೆಯ ತುಪ್ಪ, ಒಳ್ಳೆಯ ಬೇಳೆ ಹಾಕಿ ಮಾರಿದರೆ ನಷ್ಟ. ಕಳಪೆ ಸಾಮಾನು ಹಾಕಿದರೆ ಹೆಸರು ಕೆಡುತ್ತದೆ. ಎಂಟಿಆರ್ ಹೋಟೆಲನ್ನೇ ಮುಚ್ಚಿತು. ಆದರೆ ಕೆಲಸಗಾರರು? ಅವರ ಕೈಯಲ್ಲಿದ್ದ ವಿದ್ಯೆ? ಪಕ್ಕದ ಅಂಗಡಿಯಲ್ಲಿ ತಿಂಡಿಯ ಬದಲು ತಿಂಡಿ ಮಾಡುವ ಹಿಟ್ಟನ್ನೂ ಸಾಂಬಾರು ಪುಡಿಯನ್ನೂ ಪೊಟ್ಟಣ ಕಟ್ಟಿ ಮಾರತೊಡಗಿದರು. ಹೋಟೆಲು ಮುಂದೆ ಮತ್ತೆ ತೆರೆಯಿತು. ಪೊಟ್ಟಣದ ವ್ಯಾಪಾರವೂ ಬೆಳೆಯುತ್ತಲೇ ಹೋಯಿತು. 2007ರಲ್ಲಿ ಆ ಆಹಾರ ಕಂಪನಿಯನ್ನು ನಾರ್ವೆ ದೇಶದ ಓರ್ಕ್ಲಾ ಸಂಸ್ಥೆ ಕೊಂಡಿತು. ಹೋಟೆಲುಗಳು ಮಯ್ಯ ಕುಟುಂಬದ ಬಳಿಯೇ ಉಳಿದವು.

ಇಲ್ಲಿ ಎರಡು ವಿಷಯ ನೋಡಬೇಕು. ಒಂದು, ಅವರು ತಮಗೆ ಗೊತ್ತಿಲ್ಲದ ಹೊಸ ವ್ಯಾಪಾರಕ್ಕೆ ಕೈ ಹಾಕಲಿಲ್ಲ. ಗೊತ್ತಿದ್ದ ರುಚಿಯನ್ನೇ ಬೇರೆ ರೂಪದಲ್ಲಿ ಮಾರಿದರು. ಎರಡು, ಗುಣಮಟ್ಟ ಬಿಡುವುದಕ್ಕಿಂತ ಬಾಗಿಲು ಹಾಕುವುದೇ ಮೇಲು ಎಂದು ನಿರ್ಧರಿಸಿದರು. ಅಂದು ಕಳಪೆ ಇಡ್ಲಿ ಮಾರಿದ್ದರೆ, ಮುಂದೆ ಆ ಹೆಸರಿನ ಪೊಟ್ಟಣವನ್ನು ಯಾರು ಕೊಳ್ಳುತ್ತಿದ್ದರು?

ಪಾಠ 4: ಪಾಲುದಾರರು ಮತ್ತು ಮನೆಯವರು

ಇನ್ಫೋಸಿಸ್ ಆರಂಭವಾದದ್ದು 1981ರಲ್ಲಿ, ಪುಣೆಯಲ್ಲಿ. ಏಳು ಜನ ಪಾಲುದಾರರು. ನಾರಾಯಣಮೂರ್ತಿಯವರಿಗೆ ಪತ್ನಿ ಸುಧಾ ಮೂರ್ತಿಯವರು ತಮ್ಮ ಉಳಿತಾಯದಿಂದ ಕೊಟ್ಟ 10,000 ರೂಪಾಯಿಯೇ ಮೊದಲ ಬಂಡವಾಳ. ಅಂದಿನ ಭಾರತದಲ್ಲಿ ಒಂದು ಟೆಲಿಫೋನಿಗೂ, ಒಂದು ಕಂಪ್ಯೂಟರ್ ಆಮದು ಮಾಡುವ ಪರವಾನಗಿಗೂ ತಿಂಗಳುಗಟ್ಟಲೆ ಕಾಯಬೇಕಿತ್ತು. 1983ರಲ್ಲಿ ಕಂಪನಿ ಬೆಂಗಳೂರಿಗೆ ಬಂತು.

ಒಂಬತ್ತು ವರ್ಷ ದುಡಿದ ಮೇಲೂ ದೊಡ್ಡದೇನೂ ಆಗಿರಲಿಲ್ಲ. 1990ರಲ್ಲಿ ಸುಮಾರು 10 ಲಕ್ಷ ಡಾಲರಿಗೆ ಕಂಪನಿಯನ್ನು ಕೊಳ್ಳುವುದಾಗಿ ಪ್ರಸ್ತಾಪ ಬಂದಾಗ ಮಾರಿಬಿಡೋಣ ಎಂದೇ ಹೆಚ್ಚಿನ ಪಾಲುದಾರರಿಗೆ ಅನ್ನಿಸಿತ್ತು. ನಾರಾಯಣಮೂರ್ತಿಯವರು ಎಲ್ಲರ ಮಾತನ್ನೂ ಕೇಳಿ, ಮಾರುವವರಿದ್ದರೆ ಅವರ ಪಾಲನ್ನು ತಾವೇ ಕೊಳ್ಳುವುದಾಗಿ ಹೇಳಿದರು. ಆಗ ಉಳಿದವರೂ ಮನಸ್ಸು ಬದಲಿಸಿ ಜೊತೆಗೆ ನಿಂತರು. 1993ರಲ್ಲಿ ಕಂಪನಿ ಭಾರತದ ಷೇರುಪೇಟೆಗೂ 1999ರಲ್ಲಿ ಅಮೆರಿಕದ ನ್ಯಾಸ್‌ಡ್ಯಾಕ್‌ಗೂ ಬಂತು.

ಗೆಳೆತನ ಗಟ್ಟಿಯಾಗಿದ್ದರೆ ಸಾಲದು. ಯಾರ ಪಾಲು ಎಷ್ಟು, ಒಬ್ಬರು ಬಿಟ್ಟು ಹೋದರೆ ಏನು, ಅಭಿಪ್ರಾಯ ಬೇರೆಯಾದರೆ ಕೊನೆಯ ಮಾತು ಯಾರದು ಎಂಬುದು ಮೊದಲ ದಿನವೇ ಕಾಗದದ ಮೇಲೆ ಇರಬೇಕು. ಲಾಭ ಬಂದಾಗ ಜಗಳ, ನಷ್ಟ ಬಂದಾಗಲೂ ಜಗಳ, ಎರಡನ್ನೂ ತಪ್ಪಿಸುವುದು ಆ ಕಾಗದ. ಜೊತೆಗೆ ಮನೆಯವರ ಒಪ್ಪಿಗೆಯೂ ಬೇಕು. ಸುಧಾ ಮೂರ್ತಿಯವರು ಹಣ ಕೊಟ್ಟದ್ದಷ್ಟೇ ಅಲ್ಲ, ಗಂಡನಿಗೆ ಸಂಬಳವಿಲ್ಲದ ದಿನಗಳಲ್ಲಿ ಸಂಸಾರದ ಹೊಣೆಯನ್ನೂ ಹೊತ್ತರು. ಪುಸ್ತಕಗಳಲ್ಲಿ ಬರುವ 'ಸ್ಥಾಪಕರು' ಎಂಬ ಪಟ್ಟಿಯಲ್ಲಿ ಇಂಥವರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ.

ಪಾಠ 5: ಬೆಳೆಯುವುದೂ ಒಂದು ಅಪಾಯ

ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಸೈನ್ಯ ಬಿಟ್ಟು ಬಂದು ಜಾವಗಲ್ ಬಳಿ ಬೇಸಾಯಕ್ಕೆ ಇಳಿದರು. ಹೇಮಾವತಿ ಅಣೆಕಟ್ಟಿನಲ್ಲಿ ಮುಳುಗಿದ ಜಮೀನಿಗೆ ಬದಲಾಗಿ ಸಿಕ್ಕ ಬರಡು ನೆಲ ಅದು. ರೇಷ್ಮೆ ಬೆಳೆದರು, ಹೋಟೆಲು ನಡೆಸಿದರು, ಮೋಟಾರ್ ಸೈಕಲ್ ಏಜೆನ್ಸಿ ಇಟ್ಟರು. ಪರಿಸರಕ್ಕೆ ಹೊಂದುವ ರೇಷ್ಮೆ ಕೃಷಿಗಾಗಿ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. 1997ರಲ್ಲಿ ಹೆಲಿಕಾಪ್ಟರ್ ಬಾಡಿಗೆಯ ಡೆಕ್ಕನ್ ಏವಿಯೇಷನ್, 2003ರಲ್ಲಿ ಏರ್ ಡೆಕ್ಕನ್. ಸಾಮಾನ್ಯ ಮನುಷ್ಯನೂ ವಿಮಾನ ಹತ್ತಬೇಕು ಎಂಬುದು ಅವರ ಆಸೆ. ಆರ್. ಕೆ. ಲಕ್ಷ್ಮಣರ 'ಕಾಮನ್ ಮ್ಯಾನ್' ಆ ವಿಮಾನಗಳ ಗುರುತಾದ. ಒಂದು ರೂಪಾಯಿಯ ಟಿಕೆಟ್ಟೂ ಬಂತು. ಹುಬ್ಬಳ್ಳಿಯಂಥ ಊರುಗಳಿಗೆ ವಿಮಾನ ಹಾರಿತು.

ಆದರೆ ವಿಮಾನಗಳ ಸಂಖ್ಯೆ ಏರಿದಂತೆ ಖರ್ಚೂ ಏರಿತು. ಇಂಧನದ ಬೆಲೆ ಹೆಚ್ಚಿತು, ಪೈಪೋಟಿ ಹೆಚ್ಚಿತು, ನಷ್ಟ ಬೆಳೆಯಿತು. 2007ರಲ್ಲಿ ಕಂಪನಿಯ ದೊಡ್ಡ ಪಾಲು ಕಿಂಗ್‌ಫಿಶರ್ ಒಡೆತನಕ್ಕೆ ಹೋಯಿತು. ಮರುವರ್ಷ ಎರಡೂ ಒಂದಾದವು. 2012ರಲ್ಲಿ ಕಿಂಗ್‌ಫಿಶರ್ ಹಾರಾಟವೇ ನಿಂತಿತು. ಗೋಪಿನಾಥರು 2009ರಲ್ಲಿ ಆರಂಭಿಸಿದ ಸರಕು ಸಾಗಣೆಯ ಕಂಪನಿಯೂ ಬಹಳ ಕಾಲ ಬಾಳಲಿಲ್ಲ.

ಇದನ್ನು ಸೋಲು ಎನ್ನಬೇಕೆ? ಕಂಪನಿ ಉಳಿಯಲಿಲ್ಲ, ನಿಜ. ಅದರೆ ಕಡಿಮೆ ದರದಲ್ಲಿ ವಿಮಾನ ಪ್ರಯಾಣ ಎಂಬ ಯೋಚನೆ ಭಾರತದಲ್ಲಿ ಉಳಿಯಿತು. ಯೋಚನೆ ಒಳ್ಳೆಯದಾಗಿರುವುದು ಬೇರೆ, ಕೈಯಲ್ಲಿ ನಗದು ಇರುವುದು ಬೇರೆ. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆ ವ್ಯಾಪಾರಕ್ಕೂ ಹೊಂದುತ್ತದೆ. ಲೆಕ್ಕದ ಪುಸ್ತಕದಲ್ಲಿ ಲಾಭ ತೋರಿಸುವ ಅಂಗಡಿಯೂ ಮುಚ್ಚಬಹುದು. ಸರಕು ಕೊಂಡವರು ಎರಡು ತಿಂಗಳ ನಂತರ ಹಣ ಕೊಡುತ್ತಾರೆ, ಕೆಲಸದವರ ಸಂಬಳ ಮತ್ತು ಬಾಡಿಗೆ ಈ ತಿಂಗಳೇ ಕೊಡಬೇಕು. ನಡುವಿನ ಆ ಎರಡು ತಿಂಗಳಲ್ಲಿ ಎಷ್ಟೋ ವ್ಯಾಪಾರಗಳು ಉಸಿರುಗಟ್ಟುತ್ತವೆ.

ಪೋಷಕರಿಗೆ ಒಂದೆರಡು ಮಾತು

ಇಲ್ಲಿ ವ್ಯಾಪಾರ ಆರಂಭಿಸುವ ನಮ್ಮವರಿಗೆ ಬೇರೆ ಊರಿನವರಿಗಿಲ್ಲದ ಕೆಲವು ಪ್ರಶ್ನೆಗಳಿವೆ. ಮೊದಲನೆಯದು ವೀಸಾ. ಎಚ್-1ಬಿ ವೀಸಾ ಅದಕ್ಕೆ ಅರ್ಜಿ ಹಾಕಿದ ಕಂಪನಿಯ ಕೆಲಸಕ್ಕೆ ಕಟ್ಟಿದ್ದು. ಸಂಜೆ ಹೊತ್ತಿನ ಸಣ್ಣ ವ್ಯಾಪಾರವೂ ತೊಡಕು ತರಬಹುದು. ವಲಸೆ ಕಾನೂನಿನ ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡಿ. ಎರಡನೆಯದು ಆರೋಗ್ಯ ವಿಮೆ. ಕೆಲಸ ಬಿಟ್ಟರೆ ಸಂಬಳದ ಜೊತೆ ಮಕ್ಕಳ ಡಾಕ್ಟರ ಖರ್ಚಿನ ಆಸರೆಯೂ ಹೋಗುತ್ತದೆ. ಅದರ ಏರ್ಪಾಟು ಮೊದಲು ಆಗಲಿ. ಮೂರನೆಯದು ಮನೆ ಸಾಲ. ಮಕ್ಕಳ ಕಾಲೇಜಿನ ಹಣ ಮತ್ತು ಇರುವ ಮನೆ, ಇವೆರಡನ್ನು ಪಣಕ್ಕೆ ಇಡುವ ಮೊದಲು ಗಂಡ ಹೆಂಡತಿ ಇಬ್ಬರೂ ಕುಳಿತು 'ಎಷ್ಟು ಹಣ ಕಳೆದ ಮೇಲೆ ನಿಲ್ಲಿಸುತ್ತೇವೆ' ಎಂಬ ಒಂದು ಅಂಕಿಯನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಉತ್ಸಾಹದ ದಿನ ಬರೆದ ಆ ಅಂಕಿ ಹತಾಶೆಯ ದಿನ ಕೈ ಹಿಡಿಯುತ್ತದೆ.

ಇನ್ನು ಕಾಗದಪತ್ರ. ಕ್ಯಾಲಿಫೋರ್ನಿಯಾದಲ್ಲಿ ಎಲ್‌ಎಲ್‌ಸಿ ಮಾಡಿಕೊಂಡರೆ ವ್ಯಾಪಾರ ನಡೆಯಲಿ ಬಿಡಲಿ ವರ್ಷಕ್ಕೆ ಕನಿಷ್ಠ 800 ಡಾಲರ್ ತೆರಿಗೆ ರಾಜ್ಯಕ್ಕೆ ಸಲ್ಲಬೇಕು. ಸ್ಯಾನ್ ಹೊಸೆ ನಗರದಲ್ಲಿ ವ್ಯಾಪಾರ ಮಾಡುವವರು ನಗರದ ವ್ಯಾಪಾರ ತೆರಿಗೆಗೆ ನೋಂದಾಯಿಸಿಕೊಳ್ಳಬೇಕು. ಮನೆಯಲ್ಲೇ ತಿನಿಸು ಮಾಡಿ ಮಾರುವ ಆಸೆ ನಮ್ಮ ಎಷ್ಟೋ ಅಮ್ಮಂದಿರಿಗಿದೆ. 2013ರಿಂದ ಜಾರಿಯಲ್ಲಿರುವ ಗೃಹ ಆಹಾರ ಕಾನೂನಿನಡಿ ಬಿಸ್ಕತ್ತು, ಒಣ ಮಸಾಲೆ ಪುಡಿಯಂಥ ಬೇಗ ಕೆಡದ ಪದಾರ್ಥಗಳನ್ನು ಕೌಂಟಿಯ ಅನುಮತಿ ಪಡೆದು ಮಾರಬಹುದು. ಮೊಸರನ್ನ, ಹಸಿ ಚಟ್ನಿ ಈ ಕಾನೂನಿನೊಳಗೆ ಬರುವುದಿಲ್ಲ. ವ್ಯಾಪಾರದ ಹಣಕ್ಕೆ ಬೇರೆ ಬ್ಯಾಂಕ್ ಖಾತೆ ಇರಲಿ. ಮನೆಯ ದಿನಸಿ ಮತ್ತು ಅಂಗಡಿಯ ದಿನಸಿ ಒಂದೇ ಚೀಲದಲ್ಲಿ ಬಂದರೆ ಲಾಭ ಎಷ್ಟು ಎಂದು ಯಾರಿಗೂ ತಿಳಿಯುವುದಿಲ್ಲ.

ಪದಗಳ ಪರಿಚಯ

ಬಂಡವಾಳ: ವ್ಯಾಪಾರ ಆರಂಭಿಸಲು ಹಾಕುವ ಹಣ.
ಅಸಲು: ಸಾಲವಾಗಿ ಪಡೆದ ಮೂಲ ಹಣ.
ಬಡ್ಡಿ: ಅಸಲಿನ ಮೇಲೆ ಕೊಡಬೇಕಾದ ಹೆಚ್ಚಿನ ಹಣ.
ಸಗಟು: ಒಟ್ಟಿಗೆ ಹೆಚ್ಚು ಪ್ರಮಾಣದಲ್ಲಿ ಮಾರುವುದು.
ಚಿಲ್ಲರೆ: ಬಿಡಿಬಿಡಿಯಾಗಿ ಮಾರುವುದು.
ಪಾಲುದಾರ: ಲಾಭ ನಷ್ಟಗಳಲ್ಲಿ ಸಮಭಾಗವೋ ಬೇರೆ ಭಾಗವೋ ಇರುವ ಜೊತೆಗಾರ.
ಗಿರಾಕಿ: ಕೊಳ್ಳಲು ಬರುವವರು.

ಅಭ್ಯಾಸ

1. ಪಾನಕದ ಬೆಲೆಯನ್ನು 2 ಡಾಲರಿಗೆ ಏರಿಸಿ, 60 ಲೋಟ ಮಾತ್ರ ತಯಾರಿಸಿ, ಅಷ್ಟನ್ನೂ ಮಾರಿದರೆ ಲಾಭ ಎಷ್ಟು?
2. ಜನ್ನೀನಿ ಕೈಕುಲುಕಿ ಸಾಲ ಕೊಡಲು ಅವರ ಹಳೆಯ ವ್ಯಾಪಾರ ಹೇಗೆ ಸಹಾಯ ಮಾಡಿತು?
3. ಎಂಟಿಆರ್ ಹೋಟೆಲು ಮುಚ್ಚುವ ಬದಲು ಬೇರೆ ಏನು ಮಾಡಬಹುದಿತ್ತು? ಅದರ ಒಳಿತು ಕೆಡಕುಗಳನ್ನು ಮನೆಯವರೊಡನೆ ಚರ್ಚಿಸಿ.
4. ನಿಮ್ಮ ಅಜ್ಜ, ಅಜ್ಜಿ ಅಥವಾ ಬಂಧುಗಳಲ್ಲಿ ಅಂಗಡಿ, ಹೋಟೆಲು, ಗಿರಣಿ ನಡೆಸಿದವರಿದ್ದಾರೆಯೇ? ಫೋನು ಮಾಡಿ, ಅತ್ಯಂತ ಕಷ್ಟದ ವರ್ಷ ಯಾವುದಾಗಿತ್ತು ಎಂದು ಕೇಳಿ, ಕನ್ನಡದಲ್ಲಿ ಹತ್ತು ವಾಕ್ಯ ಬರೆಯಿರಿ.

(ಮೊದಲ ಪ್ರಶ್ನೆಯ ಉತ್ತರ: 40 ಡಾಲರ್. ಕಡಿಮೆ ಲೋಟ ಮಾರಿದರೂ ಲಾಭ ಹೆಚ್ಚಾದದ್ದು ಏಕೆ ಎಂದು ಯೋಚಿಸಿ.)

ಸ್ವಂತ ವ್ಯಾಪಾರ ಎಲ್ಲರಿಗೂ ಬೇಕೆಂದೇನೂ ಇಲ್ಲ. ಸಂಬಳದ ಕೆಲಸವನ್ನು ಶ್ರದ್ಧೆಯಿಂದ ಮಾಡುವವರಿಂದಲೇ ಹೆಚ್ಚಿನ ಮನೆಗಳು ನಡೆಯುತ್ತಿವೆ. ಆದರೆ ಲೆಕ್ಕ ಬರೆಯುವುದು, ಮಾತಿಗೆ ತಪ್ಪದಿರುವುದು, ಗುಣಮಟ್ಟ ಬಿಡದಿರುವುದು, ಎಲ್ಲಿ ನಿಲ್ಲಬೇಕೆಂದು ತಿಳಿದಿರುವುದು, ಇವು ಅಂಗಡಿ ಇಟ್ಟವರಿಗೂ ಇಡದವರಿಗೂ ಒಂದೇ. ನಮ್ಮ ಮಕ್ಕಳು ಮುಂದೆ ಯಾವ ದಾರಿ ಹಿಡಿದರೂ ಈ ನಾಲ್ಕನ್ನು ಜೊತೆಗೆ ಒಯ್ಯಲಿ.